ಲ್ಯಾಪ್‌ಟಾಪ್‌ಗೆ ಪಿನ್ ಇಡುವುದು: ಉದ್ದದ ಪಾಸ್‌ವರ್ಡ್ ಇರುವಾಗ ನಾಲ್ಕೇ ಅಂಕಿ ಸಾಕಾ?

ಡೈರಿ ಮನೆ ಮಗಳು · ಶನಿವಾರ ರಾತ್ರಿ 8:40

ಎಲ್ಲರಿಗೂ ನಮಸ್ಕಾರ. ಹೋದ ವಾರ ಅಪ್ಪನಿಗೆ ಹೊಸ ಲ್ಯಾಪ್‌ಟಾಪ್ ತೆಗೆಸಿಕೊಟ್ಟೆ. ವಿಂಡೋಸ್ 11 ಇದೆ. ನಾನಿರುವುದು ಮೈಸೂರಿನ ಕುವೆಂಪುನಗರದಲ್ಲಿ, ಅಪ್ಪ ಮಂಡ್ಯದ ಹತ್ತಿರ ಊರಿನಲ್ಲಿ. ಅಲ್ಲಿನ ಹಾಲಿನ ಡೈರಿ ಲೆಕ್ಕ ನೋಡಿಕೊಳ್ಳುವುದು ಅವರೇ. ಮೂವತ್ತು ವರ್ಷ ಪುಸ್ತಕದಲ್ಲಿ ಬರೆದವರು ಈಗ ಎಕ್ಸೆಲ್ ಕಲಿಯುತ್ತಿದ್ದಾರೆ.

ಮೊದಲ ಸಲ ಆನ್ ಮಾಡಿದಾಗ ಮೈಕ್ರೋಸಾಫ್ಟ್ ಅಕೌಂಟ್ ಕೇಳಿತು. ಅಪ್ಪನ ಹೆಸರಿನಲ್ಲೇ ಒಂದು ಮಾಡಿ, ಹದಿನಾಲ್ಕು ಅಕ್ಷರದ ಗಟ್ಟಿ ಪಾಸ್‌ವರ್ಡ್ ಹಾಕಿದೆ. ಮುಗಿಯಿತು ಅನ್ನುವಷ್ಟರಲ್ಲಿ ಪಿನ್ ಇಡಿ ಅಂತ ಇನ್ನೊಂದು ಪರದೆ ಬಂತು. ಅಪ್ಪ 1234 ಒತ್ತಿದರು, ಒಪ್ಪಲಿಲ್ಲ. ಆಮೇಲೆ ಅವರ ಹಳೇ ಸ್ಕೂಟರ್ ನಂಬರ್ ಹಾಕಿದರು, ಒಪ್ಪಿಕೊಂಡಿತು. ಆ ನಂಬರ್ ಊರಿಗೆಲ್ಲ ಗೊತ್ತು!

ನನಗೆ ಸಮಾಧಾನವೇ ಇಲ್ಲ. ದೊಡ್ಡ ಬೀಗ ಜಡಿದು, ಪಕ್ಕದಲ್ಲೇ ಬರೀ ಚಿಲಕದ ಬಾಗಿಲು ಬಿಟ್ಟಂತೆ ಆಗಲಿಲ್ವಾ? ಪಿನ್ ಬೇಡ ಅಂದರೆ ತೆಗೆಯಬಹುದಾ? ಅಪ್ಪ ಪಿನ್ ಮರೆತರೆ ನಾನು ಇಲ್ಲಿಂದ ಏನು ಮಾಡಲಿ? ತಿಳಿದವರು ಹೇಳಿ.

ರಿಪೇರಿ ಅಂಗಡಿ, ಮಂಡ್ಯ · ರಾತ್ರಿ 8:58

ಮೇಡಂ, ಗಾಬರಿ ಬೇಡ. ಪಿನ್ ಕೆಲಸ ಮಾಡುವ ರೀತಿಯೇ ಬೇರೆ. ನಿಮ್ಮ ಪಾಸ್‌ವರ್ಡ್ ಇದ್ದರೆ ಯಾರು ಬೇಕಾದರೂ, ಎಲ್ಲಿಂದ ಬೇಕಾದರೂ ಆ ಅಕೌಂಟ್ ತೆರೆಯಬಹುದು. ಮೇಲ್, ಒನ್‌ಡ್ರೈವ್‌ನಲ್ಲಿ (ಮೈಕ್ರೋಸಾಫ್ಟ್‌ನ ಆನ್‌ಲೈನ್ ಜಾಗ) ಇಟ್ಟ ಫೈಲ್ ಎಲ್ಲ ಅವರ ಕೈಗೆ ಹೋಗುತ್ತದೆ. ಪಿನ್ ಹಾಗಲ್ಲ. ಅದು ಆ ಒಂದು ಲ್ಯಾಪ್‌ಟಾಪ್‌ನದು ಮಾತ್ರ. ಇಂಟರ್ನೆಟ್‌ನಲ್ಲಿ ಎಲ್ಲಿಗೂ ಹೋಗುವುದಿಲ್ಲ. ನಿಮ್ಮ ಅಪ್ಪನ ಪಿನ್ ಗೊತ್ತಿದ್ದವನು ಬೆಂಗಳೂರಿನಲ್ಲಿ ಕೂತು ಏನೂ ಮಾಡಲಾರ. ಆ ಲ್ಯಾಪ್‌ಟಾಪ್ ಅವನ ಕೈಯಲ್ಲಿರಬೇಕು.

ಒಳಗೆ ಟಿಪಿಎಂ ಅಂತ ಒಂದು ಚಿಪ್ ಇರುತ್ತದೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಬೇಕೇ ಬೇಕು. ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಅದು ಬೇರೆ ಚಿಪ್ ಆಗಿರದೆ ಪ್ರೊಸೆಸರ್ ಒಳಗೇ ಇರುತ್ತದೆ. ನಿಜವಾದ ಕೀಲಿ ಇರುವುದು ಅಲ್ಲಿ. ಪಿನ್ ಆ ಕೀಲಿಯನ್ನು ಎಬ್ಬಿಸುತ್ತದೆ, ಅಷ್ಟೇ.

ಆದರೆ ಸ್ಕೂಟರ್ ನಂಬರ್ ಇವತ್ತೇ ಬದಲಾಯಿಸಿ.

ಹೆಬ್ಬಾಳ ಶಿಫ್ಟ್ · ರಾತ್ರಿ 9:10

ನಾಲ್ಕು ಅಂಕಿ ಅಂದರೆ ಒಟ್ಟು ಹತ್ತು ಸಾವಿರ ಸಾಧ್ಯತೆ. ಲ್ಯಾಪ್‌ಟಾಪ್ ಕದ್ದವನು ಕೂತು ಒಂದೊಂದೇ ಹಾಕುತ್ತಾ ಹೋದರೆ? ಕಳ್ಳತನ ಆಗುವುದೇ ಲ್ಯಾಪ್‌ಟಾಪ್ ಸಮೇತ ಅಲ್ವಾ ಸಾರ್? ಕೈಯಲ್ಲಿರಬೇಕು ಅನ್ನುವುದು ಉತ್ತರವೇ ಅಲ್ಲ.

ರಿಪೇರಿ ಅಂಗಡಿ, ಮಂಡ್ಯ · ರಾತ್ರಿ 9:24

ಒಳ್ಳೇ ಪ್ರಶ್ನೆ. ಕೂತು ಹಾಕುವುದಕ್ಕೆ ಬಿಡುವುದಿಲ್ಲ. ನಾಲ್ಕೈದು ಸಲ ತಪ್ಪಾದರೆ ಮೊದಲು ಎ1ಬಿ2ಸಿ3 ಅಂತ ಟೈಪ್ ಮಾಡಿಸುತ್ತದೆ. ಇನ್ನೂ ತಪ್ಪಿದರೆ ರೀಸ್ಟಾರ್ಟ್ ಮಾಡು ಅನ್ನುತ್ತದೆ. ಅದರ ಕೆಳಗೆ ಟಿಪಿಎಂ ಬೇರೆ ಲೆಕ್ಕ ಇಡುತ್ತದೆ. 32 ತಪ್ಪು ಆದ ಮೇಲೆ ಬೀಗ. ಆಮೇಲೆ ಹತ್ತು ನಿಮಿಷಕ್ಕೆ ಒಂದು ತಪ್ಪನ್ನು ಮರೆಯುತ್ತದೆ. ಅಂದರೆ ಹತ್ತು ನಿಮಿಷಕ್ಕೆ ಒಂದೇ ಅವಕಾಶ, ದಿನಕ್ಕೆ 144. ಹತ್ತು ಸಾವಿರವೂ ಮುಗಿಸಬೇಕಾದರೆ ಹೆಚ್ಚುಕಡಿಮೆ 69 ದಿನ. ಆರು ಅಂಕಿ ಇಟ್ಟರೆ ಹತ್ತು ಲಕ್ಷ ಸಾಧ್ಯತೆ, 19 ವರ್ಷ.

ಹೆಬ್ಬಾಳ ಶಿಫ್ಟ್ · ರಾತ್ರಿ 9:31

69 ದಿನ ಅಂದರೆ ನನಗೇನೂ ಜಾಸ್ತಿ ಅನ್ನಿಸುತ್ತಿಲ್ಲ. ಅದೂ ಕೊನೆಯ ನಂಬರ್‌ವರೆಗೂ ಹೋದರೆ. ಸ್ಕೂಟರ್ ನಂಬರ್, ಹುಟ್ಟಿದ ವರ್ಷ, ಮದುವೆ ವರ್ಷ ಮೊದಲು ಹಾಕಿ ನೋಡಿದರೆ 32ರೊಳಗೇ ಸಿಗುತ್ತದೆ. ಆರು ಅಂಕಿ ಅನ್ನುವುದನ್ನು ಮಾತ್ರ ಒಪ್ಪುತ್ತೇನೆ.

ಸರಸ್ವತಿಪುರಂ ಮೇಷ್ಟ್ರು · ರಾತ್ರಿ 9:40

1234 ಯಾಕೆ ಒಪ್ಪಲಿಲ್ಲ ಅಂತ ಹೇಳುತ್ತೇನೆ. ಒಂದು ಅಂಕಿಯಿಂದ ಮುಂದಿನ ಅಂಕಿಗೆ ಎಷ್ಟು ಅಂತರ ಅಂತ ಅದು ನೋಡುತ್ತದೆ. ಎಲ್ಲ ಕಡೆ ಅಂತರ ಒಂದೇ ಆದರೆ ಬೇಡ ಅನ್ನುತ್ತದೆ. 1111ರಲ್ಲಿ ಅಂತರ ಸೊನ್ನೆ, 1357ರಲ್ಲಿ ಎರಡೆರಡು, 9630ರಲ್ಲಿ ಮೂರು ಮೂರು ಇಳಿಕೆ. ಇವು ಯಾವುವೂ ನಡೆಯವು. ಗಣಿತದ ಮಕ್ಕಳಿಗೆ ಸಮಾಂತರ ಶ್ರೇಢಿ ಹೇಳಿಕೊಡುವಾಗ ಈ ಉದಾಹರಣೆ ಕೊಡಬಹುದು ಅನ್ನಿಸಿತು.

ಆದರೆ ಆ ನಿಯಮ ಅಷ್ಟೇ ನೋಡುವುದು. 1947 ಒಪ್ಪುತ್ತದೆ. ಮೈಸೂರಿನ ಎಸ್‌ಟಿಡಿ ಕೋಡ್ 0821 ಕೂಡ ಒಪ್ಪುತ್ತದೆ. ಹಾಗಂತ ಇವು ಗಟ್ಟಿ ಅಲ್ಲ. ಒಪ್ಪಿಕೊಂಡಿತು ಅಂದಮಾತ್ರಕ್ಕೆ ಒಳ್ಳೇ ಪಿನ್ ಅಂದುಕೊಳ್ಳಬಾರದು.

ನೂರಡಿ ರಸ್ತೆ · ರಾತ್ರಿ 9:44

ನಮ್ಮ ಅತ್ತೆ 571401 ಇಟ್ಟಿದ್ದರು. ಪಿನ್ ಕೇಳಿದೆ ಅಂತ ಮಂಡ್ಯದ ಅಂಚೆ ಪಿನ್‌ಕೋಡನ್ನೇ ಹಾಕಿದ್ದಾರೆ. ಪಾಪ, ಅವರದು ತಪ್ಪಲ್ಲ. ಎಷ್ಟೋ ವರ್ಷದಿಂದ ಪಿನ್ ಅಂದರೆ ಅದೇ ಅಲ್ವಾ.

ಸರಸ್ವತಿಪುರಂ ಮೇಷ್ಟ್ರು · ರಾತ್ರಿ 9:52

ಹೌದಮ್ಮ. ಅಂಚೆ ಪಿನ್‌ಕೋಡ್ ಶುರುವಾಗಿದ್ದು 1972ರ ಆಗಸ್ಟ್ 15ಕ್ಕೆ. ನಮ್ಮ ತಲೆಮಾರಿಗೆ ಮೊದಲು ಬಂದ ಪಿನ್ ಅದು. ಆದರೆ ಅದು ಊರಿನ ಗುರುತು, ಇದು ಆಳಿನ ಗುರುತು.

ನಾಲ್ಕು ಅಂಕಿಯ ಕಥೆಯೂ ಹೇಳಿಬಿಡುತ್ತೇನೆ. ಲಂಡನ್ನಿನ ಎನ್‌ಫೀಲ್ಡ್‌ನಲ್ಲಿ 1967ರ ಜೂನ್ 27ರಂದು ಒಂದು ಎಟಿಎಂ ಶುರುವಾಯಿತು. ಮೊದಲ ಎಟಿಎಂ ಅಂತ ಎಲ್ಲರೂ ಹೇಳುವುದು ಅದನ್ನೇ. ಅದರ ಹಿಂದೆ ಇದ್ದವರು ಜಾನ್ ಶೆಫರ್ಡ್ ಬ್ಯಾರನ್. ಅವರು ಹುಟ್ಟಿದ್ದು ನಮ್ಮ ಶಿಲ್ಲಾಂಗ್‌ನಲ್ಲಿ, 1925ರಲ್ಲಿ. ಆರು ಅಂಕಿ ಇಡೋಣ ಅಂತ ಅವರಿಗಿತ್ತಂತೆ. ಅಡುಗೆಮನೆಯ ಮೇಜಿನ ಹತ್ತಿರ ಹೆಂಡತಿಯನ್ನು ಕೇಳಿದರು. ನನಗೆ ನಾಲ್ಕು ಮಾತ್ರ ನೆನಪಿರುತ್ತದೆ ಅಂದರು ಆಕೆ. ನಾಲ್ಕಾಯಿತು. ಇದನ್ನು ಅವರೇ ಹೇಳಿಕೊಂಡಿದ್ದಾರೆ.

ಕಬ್ಬಿನ ಗದ್ದೆ · ರಾತ್ರಿ 9:55

ಮೇಷ್ಟ್ರೇ, ಇದು ಗೊತ್ತೇ ಇರಲಿಲ್ಲ. ನಾಳೆ ಮನೆಯವಳಿಗೆ ಹೇಳುತ್ತೇನೆ.

ಬೋಗಾದಿ ಕಡೆಯವನು · ರಾತ್ರಿ 10:20

ಪಿನ್ ಗಟ್ಟಿಯೋ ಸಡಿಲವೋ ಅಂತ ಎಲ್ಲರೂ ಮಾತಾಡುತ್ತಿದ್ದೀರಿ. ನನಗೆ ಪೆಟ್ಟು ಬಿದ್ದಿದ್ದು ಬೇರೆ ಕಡೆ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಓದಿ.

ನನ್ನ ತಮ್ಮ ಇಂಜಿನಿಯರಿಂಗ್ ಕೊನೇ ವರ್ಷದಲ್ಲಿದ್ದ. ಮೂರು ವರ್ಷ ಲ್ಯಾಪ್‌ಟಾಪ್ ತೆರೆದಿದ್ದು ಬರೀ ಪಿನ್‌ನಿಂದ. ಪಾಸ್‌ವರ್ಡ್ ಅಂತ ಒಂದು ಇದೆ ಅನ್ನುವುದೇ ಅವನಿಗೆ ಮರೆತು ಹೋಗಿತ್ತು. ಪ್ರಾಜೆಕ್ಟ್ ರಿಪೋರ್ಟ್ ಕೊಡಬೇಕಾದ ವಾರವೇ ಮದರ್‌ಬೋರ್ಡ್ ಹೋಯಿತು. ಸರ್ವೀಸ್‌ನವರು ಹೊಸದು ಹಾಕಿ ಕೊಟ್ಟರು. ಮನೆಗೆ ತಂದು ಆನ್ ಮಾಡಿದರೆ ನೀಲಿ ಪರದೆ. 48 ಅಂಕಿಯ ರಿಕವರಿ ಕೀ ಹಾಕಿ ಅಂತ ಕೇಳುತ್ತಿದೆ. ಡಿಸ್ಕ್ ಎನ್‌ಕ್ರಿಪ್ಟ್ ಆಗಿತ್ತು, ಅಂದರೆ ಕೀ ಇಲ್ಲದೆ ಯಾರೂ ಓದಲಾಗದ ಹಾಗೆ ಬೀಗ ಬಿದ್ದಿತ್ತು, ನಮಗೆ ಅದು ಗೊತ್ತೇ ಇರಲಿಲ್ಲ. ಹಳೇ ಬೋರ್ಡ್ ಜೊತೆ ಅದರ ಟಿಪಿಎಂ ಕೂಡ ಹೋಗಿತ್ತು.

ಆ ಕೀ ಮೈಕ್ರೋಸಾಫ್ಟ್ ಅಕೌಂಟ್‌ನಲ್ಲಿ ಉಳಿದಿರುತ್ತದೆ ಅಂತ ಯಾರೋ ಹೇಳಿದರು. ಅಕೌಂಟ್ ತೆರೆಯಲು ಪಾಸ್‌ವರ್ಡ್ ಬೇಕು. ಪಾಸ್‌ವರ್ಡ್ ಮರೆತಿದೆ ಅಂದರೆ ಒಟಿಪಿ ಬರಬೇಕು. ಒಟಿಪಿ ಹೋಗುವುದು ಅವನು ಪಿಯುಸಿಯಲ್ಲಿದ್ದಾಗ ಇದ್ದ ಸಿಮ್‌ಗೆ. ಆ ಸಿಮ್ ಬಿಟ್ಟು ಎರಡು ವರ್ಷ ಆಗಿತ್ತು. ಹುಡುಗ ತಲೆ ಮೇಲೆ ಕೈ ಹೊತ್ತು ಕೂತ.

ಕೊನೆಗೆ ನೋಡಿದರೆ, ಅಕೌಂಟ್ ಮಾಡುವಾಗ ಇನ್ನೊಂದು ಮೇಲ್ ಐಡಿ ಕೇಳಿತ್ತು ಅಂತ ನಮ್ಮ ಚಿಕ್ಕಪ್ಪನದು ಕೊಟ್ಟಿದ್ದ. ರಾತ್ರಿ ಹನ್ನೊಂದಕ್ಕೆ ಚಿಕ್ಕಪ್ಪನನ್ನು ಎಬ್ಬಿಸಿ ಕೋಡ್ ಓದಿಸಿಕೊಂಡೆವು. ಪಾಸ್‌ವರ್ಡ್ ಬದಲಾಯಿಸಿ, ನನ್ನ ಫೋನ್‌ನಲ್ಲಿ ಅಕೌಂಟ್ ತೆರೆದು ಆ ಕೀ ಹುಡುಕಿದೆವು. ಆರಾರು ಅಂಕಿಯ ಎಂಟು ಗುಂಪು. ಅಮ್ಮ ಕನ್ನಡಕ ಹಾಕಿಕೊಂಡು ಒಂದೊಂದೇ ಗುಂಪು ಓದುತ್ತಿದ್ದರು, ತಮ್ಮ ಹೊಡೆಯುತ್ತಿದ್ದ. ಐದನೇ ಗುಂಪಿನಲ್ಲಿ ಒಂದು ಅಂಕಿ ತಪ್ಪಿ ಮತ್ತೆ ನೋಡಬೇಕಾಯಿತು. ತೆರೆದುಕೊಂಡಾಗ ರಾತ್ರಿ ಒಂದೂವರೆ. ಆಮೇಲೂ ಹಳೇ ಪಿನ್ ನಡೆಯಲಿಲ್ಲ, ಹೊಸದಾಗಿ ಇಡಬೇಕಾಯಿತು.

ಹಾಗಾಗಿ ಮೇಡಂ, ಪಿನ್ ಇಡಿ, ಪರವಾಗಿಲ್ಲ. ಆದರೆ ಪಾಸ್‌ವರ್ಡ್ ಎಲ್ಲಿದೆ, ಒಟಿಪಿ ಯಾವ ನಂಬರಿಗೆ ಹೋಗುತ್ತದೆ, ಆ ರಿಕವರಿ ಕೀ ಎಲ್ಲಿದೆ, ಇವತ್ತೇ ನೋಡಿಡಿ.

ಕಾವೇರಿ ದಡದವಳು · ರಾತ್ರಿ 10:34

ಓದುತ್ತಾ ಓದುತ್ತಾ ನನ್ನ ಅಕೌಂಟ್ ತೆರೆದು ನೋಡಿದೆ. ನನ್ನದರಲ್ಲೂ ಹಳೇ ನಂಬರೇ ಇದೆ! ಈಗಲೇ ಬದಲಾಯಿಸಿದೆ. ತುಂಬಾ ಥ್ಯಾಂಕ್ಸ್ ಅಣ್ಣ.

ರಿಪೇರಿ ಅಂಗಡಿ, ಮಂಡ್ಯ · ರಾತ್ರಿ 10:41

ಬೋಗಾದಿಯವರು ಹೇಳಿದ್ದು ನೂರಕ್ಕೆ ನೂರು ಸರಿ. ನಮ್ಮ ಅಂಗಡಿಗೂ ಇಂಥವು ಬರುತ್ತಲೇ ಇರುತ್ತವೆ. ಮೈಕ್ರೋಸಾಫ್ಟ್ ಅಕೌಂಟ್ ಹಾಕಿದ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಎನ್‌ಕ್ರಿಪ್ಷನ್ ತಾನಾಗೇ ಆನ್ ಆಗಿರುವುದು ಜಾಸ್ತಿ. ಬೋರ್ಡ್ ಬದಲಾಯಿಸುವ ಮೊದಲು ಆ ಕೀ ಇದೆಯಾ ಅಂತ ಗಿರಾಕಿಗಳನ್ನು ನಾನು ಕೇಳುತ್ತೇನೆ. ಹತ್ತರಲ್ಲಿ ಎಂಟು ಜನ ಯಾವ ಕೀ ಅಂತಾರೆ.

ಬರೀ ಪಿನ್ ಮರೆತಿದ್ದರೆ ಇಷ್ಟು ಕಷ್ಟ ಇಲ್ಲ. ಸೈನ್ ಇನ್ ಪರದೆಯಲ್ಲೇ ಪಿನ್ ಮರೆತಿದ್ದೇನೆ ಅನ್ನುವ ಸಾಲು ಇದೆ. ಇಂಟರ್ನೆಟ್ ಇದ್ದರೆ ಅಕೌಂಟ್ ಪರಿಶೀಲಿಸಿ ಹೊಸ ಪಿನ್ ಇಡಲು ಬಿಡುತ್ತದೆ. ಕೋಡ್ ನಿಮ್ಮ ಫೋನ್‌ಗೆ ಬರುವ ಹಾಗೆ ಇಟ್ಟುಕೊಂಡರೆ ನೀವು ಕುವೆಂಪುನಗರದಿಂದಲೇ ಹೇಳಬಹುದು.

ಉಬುಂಟು ಬಳಗ · ರಾತ್ರಿ 10:50

ಇಷ್ಟೆಲ್ಲ ಯಾಕೆ? ವಿಂಡೋಸ್ ಬದಲು ಉಬುಂಟು ಲಿನಕ್ಸ್ ಹಾಕಿ. ಮೈಕ್ರೋಸಾಫ್ಟ್ ಅಕೌಂಟ್ ಬೇಡ, ಪಿನ್ ಬೇಡ. ಒಂದು ಪಾಸ್‌ವರ್ಡ್, ಮುಗಿಯಿತು. ಎಕ್ಸೆಲ್ ಬದಲು ಲಿಬ್ರೆಆಫೀಸ್‌ನಲ್ಲಿ ಡೈರಿ ಲೆಕ್ಕ ಚೆನ್ನಾಗಿ ನಡೆಯುತ್ತದೆ.

ನೂರಡಿ ರಸ್ತೆ · ರಾತ್ರಿ 10:53

ಅರವತ್ತು ದಾಟಿದವರು ಈಗ ತಾನೇ ಎಕ್ಸೆಲ್ ಕಲಿಯುತ್ತಿದ್ದಾರೆ ಅಂತ ಅವರು ಬರೆದಿದ್ದಾರೆ. ಅವರನ್ನು ಮತ್ತೆ ಮೊದಲಿನಿಂದ ಕಲಿ ಅನ್ನುವುದು ಸರಿಯಾ?

ಉಬುಂಟು ಬಳಗ · ರಾತ್ರಿ 10:59

ವಯಸ್ಸು ಎಷ್ಟು ಅಂತ ಅವರು ಬರೆದೇ ಇಲ್ಲ. ಮತ್ತೆ ಹೊಸದಾಗಿ ಕಲಿಯುವವರಿಗೆ ಎರಡೂ ಹೊಸದೇ. ನಮ್ಮ ಮನೆಯಲ್ಲಿ ಅಮ್ಮ ಆರು ವರ್ಷದಿಂದ ಉಬುಂಟು ಬಳಸುತ್ತಿದ್ದಾರೆ, ಒಂದು ದಿನ ನನ್ನನ್ನು ಕರೆದಿಲ್ಲ. ಆದರೆ ಒಪ್ಪುತ್ತೇನೆ, ಪ್ರಶ್ನೆ ಪಿನ್ ಬಗ್ಗೆ. ಲಿನಕ್ಸ್‌ನಲ್ಲಿ ಡಿಸ್ಕ್ ಎನ್‌ಕ್ರಿಪ್ಟ್ ಮಾಡಿ ಪಾಸ್‌ವರ್ಡ್ ಮರೆತರೆ ಎಬ್ಬಿಸಲು ಚಿಕ್ಕಪ್ಪನೂ ಇರುವುದಿಲ್ಲ, ಅದೂ ನಿಜ.

ಕಬ್ಬಿನ ಗದ್ದೆ · ರಾತ್ರಿ 11:02

ಡೈರಿ ಮನೆಯವರೇ, ನಮ್ಮೂರ ಡೈರಿಯಲ್ಲೂ ಎಕ್ಸೆಲ್ ಮಾಡಬೇಕು ಅಂತಿದ್ದೇವೆ. ಬೆಳಿಗ್ಗೆ ಸಂಜೆ ಎರಡು ಹೊತ್ತಿನ ಲೀಟರು, ಫ್ಯಾಟು, ಎಸ್‌ಎನ್‌ಎಫ್ (ಹಾಲಿನಲ್ಲಿ ಕೊಬ್ಬು ಬಿಟ್ಟು ಉಳಿದ ಘನಾಂಶ) ಹಾಕಿದರೆ ದರ ತಾನೇ ಬರುವ ಹಾಗೆ ನಿಮ್ಮ ತಂದೆ ಮಾಡಿದ್ದರೆ ಆ ಹಾಳೆ ಒಂದು ಕೊಡಿ. ಹೆಸರು ಮೊತ್ತ ಎಲ್ಲ ಅಳಿಸಿ ಕೊಟ್ಟರೂ ಸಾಕು.

ವಿಜಯನಗರ ಎರಡನೇ ಹಂತ · ಭಾನುವಾರ ಬೆಳಿಗ್ಗೆ 7:15

ಯಾರೂ ಹೇಳದ ಒಂದು ಮಾತು. ಬ್ರೌಸರ್‌ನಲ್ಲಿ ಪಾಸ್‌ವರ್ಡ್‌ಗಳನ್ನು ಸೇವ್ ಮಾಡಿದ್ದೀರಾ? ಕ್ರೋಮ್‌ನಲ್ಲಿ ಅವನ್ನು ತೋರಿಸು ಅಂದರೆ ಕೇಳುವುದು ಇದೇ ವಿಂಡೋಸ್ ಪಿನ್ನನ್ನು. ಪಾಸ್‌ವರ್ಡ್ ಬದಲು ಬಳಸುವ ಪಾಸ್‌ಕೀ ಇದ್ದರೂ ಇದೇ ಪಿನ್. ಅಂದರೆ ಲ್ಯಾಪ್‌ಟಾಪ್ ಮತ್ತು ಪಿನ್ ಎರಡೂ ಒಬ್ಬನಿಗೆ ಸಿಕ್ಕರೆ ಅವನಿಗೆ ಬರೀ ಡೈರಿ ಲೆಕ್ಕ ಸಿಗುವುದಲ್ಲ, ಎಲ್ಲವೂ ಸಿಗುತ್ತದೆ. ಪಿನ್ ಒಂದೇ ಮಷಿನ್‌ಗೆ ಅನ್ನುವುದು ಸರಿ. ಆದರೆ ಆ ಮಷಿನ್ ಒಳಗೆ ಏನೇನು ಇಟ್ಟಿದ್ದೀರಿ ಅಂತಲೂ ನೋಡಬೇಕು.

ಇನ್ನೊಂದು: ಯುಪಿಐ ಪಿನ್, ಎಟಿಎಂ ಪಿನ್ ಯಾವುದನ್ನೂ ಲ್ಯಾಪ್‌ಟಾಪ್‌ಗೆ ಇಡಬೇಡಿ. ಡೈರಿಯಲ್ಲಿ ಹಾಲು ಹಾಕಲು ಬಂದವರು ಎದುರಿಗೇ ನಿಂತಿರುತ್ತಾರೆ. ಬೆರಳು ಎಲ್ಲಿ ಹೋಗುತ್ತಿದೆ ಅಂತ ಕಾಣುತ್ತದೆ.

ಹೆಬ್ಬಾಳ ಶಿಫ್ಟ್ · ಭಾನುವಾರ ಬೆಳಿಗ್ಗೆ 7:30

ನಾನು ರಾತ್ರಿಯಿಂದ ಹೇಳುತ್ತಿರುವುದು ಇದೇ. ನಾಲ್ಕು ಅಂಕಿ ಎದುರಿಗೆ ನಿಂತವರಿಗೆ ಎರಡು ದಿನದಲ್ಲಿ ಬಾಯಿಪಾಠ ಆಗುತ್ತದೆ.

ರಿಪೇರಿ ಅಂಗಡಿ, ಮಂಡ್ಯ · ಭಾನುವಾರ ಬೆಳಿಗ್ಗೆ 7:48

ಇದಕ್ಕೆ ನಾನು ಎದುರು ಹೇಳುವುದಿಲ್ಲ. ಪಿನ್ ಅಂದರೆ ಬರೀ ಅಂಕಿಯೇ ಆಗಬೇಕಿಲ್ಲ. ಪಿನ್ ಇಡುವ ಪೆಟ್ಟಿಗೆಯ ಕೆಳಗೆ ಅಕ್ಷರ ಮತ್ತು ಚಿಹ್ನೆ ಸೇರಿಸಿ ಅಂತ ಒಂದು ಟಿಕ್ ಇರುತ್ತದೆ. ಅದನ್ನು ಒತ್ತಿದರೆ ಅಕ್ಷರವನ್ನೂ ಹಾಕಬಹುದು. ಉದ್ದ 127ರವರೆಗೂ ಹೋಗಬಹುದು. ಡೈರಿಯಂಥ ಕಡೆ ಆರು ಅಂಕಿಯಾದರೂ ಇರಲಿ.

ಆಫೀಸ್ ನೆಟ್‌ವರ್ಕ್ · ಭಾನುವಾರ ಬೆಳಿಗ್ಗೆ 8:20

ಪಿನ್ ಎಲ್ಲ ಕಡೆ ನಡೆಯುವುದಿಲ್ಲ, ಗಮನ ಇರಲಿ. ಮನೆಯಲ್ಲಿ ಒಂದು ಕಂಪ್ಯೂಟರ್‌ನ ಫೋಲ್ಡರನ್ನು ಇನ್ನೊಂದರಿಂದ ತೆರೆಯಲು ಹೋದರೆ ಪಾಸ್‌ವರ್ಡ್ ಬೇಕು, ಪಿನ್ ಹಾಕಿದರೆ ತಪ್ಪು ಅನ್ನುತ್ತದೆ. ದೂರದಿಂದ ಇನ್ನೊಂದು ಕಂಪ್ಯೂಟರ್ ನಡೆಸುವ ರಿಮೋಟ್ ಡೆಸ್ಕ್‌ಟಾಪ್‌ಗೂ ಅಷ್ಟೇ. ಇದು ಗೊತ್ತಿಲ್ಲದೆ ನಾನು ಒಂದು ಮಧ್ಯಾಹ್ನ ಪೂರ್ತಿ ಕಳೆದಿದ್ದೇನೆ. ಪ್ರಿಂಟರ್ ಇರುವ ಸಿಸ್ಟಂ ಒಳಗೆ ಹೋಗಲು ಪಿನ್ನನ್ನೇ ಮತ್ತೆ ಮತ್ತೆ ಹೊಡೆಯುತ್ತಿದ್ದೆ.

ಕಾವೇರಿ ದಡದವಳು · ಭಾನುವಾರ ಬೆಳಿಗ್ಗೆ 8:41

ಪಾಸ್‌ವರ್ಡ್ ಸರಿ ಹಾಕಿದರೂ ತಪ್ಪು ಅನ್ನುತ್ತಿದ್ದರೆ ಪರದೆಯ ಕೆಳಗೆ ಬಲಗಡೆ ಮೂಲೆ ನೋಡಿ. ನಾನು ಕನ್ನಡ ಕೀಬೋರ್ಡ್ ಹಾಕಿಕೊಂಡಿದ್ದೇನೆ. ಒಮ್ಮೆ ಅದು ಕನ್ನಡದಲ್ಲೇ ಉಳಿದಿತ್ತು. ಪಾಸ್‌ವರ್ಡ್ ಹೊಡೆದರೆ ಬರೀ ಚುಕ್ಕಿ ಕಾಣುತ್ತದಲ್ಲ, ಒಳಗೆ ಯಾವ ಅಕ್ಷರ ಬೀಳುತ್ತಿದೆ ಅಂತ ಗೊತ್ತಾಗಲೇ ಇಲ್ಲ. ಕಣ್ಣಿನ ಗುರುತು ಒತ್ತಿ ನೋಡಿದಾಗ ಕನ್ನಡ ಅಕ್ಷರ ಕಂಡಿತು.

ನೂರಡಿ ರಸ್ತೆ · ಭಾನುವಾರ ಬೆಳಿಗ್ಗೆ 8:50

ಅತ್ತೆಗೂ ಒಮ್ಮೆ ಹೀಗೇ ಆಗಿತ್ತು, ಅದು ನಮ್‌ಲಾಕ್. ಬಲಗಡೆಯ ಅಂಕಿ ಕೀಗಳು ಆಫ್ ಆಗಿದ್ದವು. ಎಷ್ಟು ಒತ್ತಿದರೂ ಚುಕ್ಕಿಯೇ ಬೀಳುತ್ತಿರಲಿಲ್ಲ.

ಸುಭಾಷ್ ನಗರ · ಭಾನುವಾರ ಬೆಳಿಗ್ಗೆ 9:30

ಪಿನ್ ತೆಗೆಯುವುದು ಹೇಗೆ ಅಂತ ಮೊದಲ ಪೋಸ್ಟಲ್ಲೇ ಕೇಳಿದ್ದಾರೆ. ಇನ್ನೂ ಯಾರೂ ಹೇಳಿಲ್ಲ. ನನ್ನದರಲ್ಲಿ ರಿಮೂವ್ ಬಟನ್ ಬೂದು ಬಣ್ಣದಲ್ಲಿದೆ, ಒತ್ತಲು ಬರುತ್ತಿಲ್ಲ.

ರಿಪೇರಿ ಅಂಗಡಿ, ಮಂಡ್ಯ · ಭಾನುವಾರ ಬೆಳಿಗ್ಗೆ 9:52

ವಿಂಡೋಸ್ ಕೀ ಜೊತೆ ಐ ಒತ್ತಿ, ಸೆಟ್ಟಿಂಗ್ಸ್ ಬರುತ್ತದೆ. ಅಕೌಂಟ್ಸ್, ಅದರೊಳಗೆ ಸೈನ್ ಇನ್ ಆಪ್ಷನ್ಸ್. ಪಿನ್ ಇಡುವುದು, ಬದಲಾಯಿಸುವುದು, ತೆಗೆಯುವುದು ಎಲ್ಲ ಅಲ್ಲೇ. ಸ್ವಲ್ಪ ಕೆಳಗೆ, ಮೈಕ್ರೋಸಾಫ್ಟ್ ಅಕೌಂಟ್‌ಗೆ ವಿಂಡೋಸ್ ಹಲೋ (ಪಿನ್, ಬೆರಳಚ್ಚು, ಮುಖ) ಮಾತ್ರ ಬಿಡು ಅನ್ನುವ ಅರ್ಥದ ಒಂದು ಸ್ವಿಚ್ ಇದೆ. ಅದು ಆನ್ ಇದ್ದರೆ ರಿಮೂವ್ ಬೂದು ಆಗಿರುತ್ತದೆ, ಸೈನ್ ಇನ್ ಮಾಡುವಾಗ ಪಾಸ್‌ವರ್ಡ್ ಹಾಕುವ ದಾರಿಯೂ ಕಾಣುವುದಿಲ್ಲ. ಆಫ್ ಮಾಡಿ, ಆ ಪುಟದಿಂದ ಹೊರಗೆ ಬಂದು ಮತ್ತೆ ಹೋಗಿ.

ಆದರೆ ಡೈರಿ ಮೇಡಂಗೆ ನಾನು ತೆಗೆಯಿರಿ ಅನ್ನುವುದಿಲ್ಲ. ಅಪ್ಪ ದಿನಕ್ಕೆ ನಾಲ್ಕು ಸಲ ಹದಿನಾಲ್ಕು ಅಕ್ಷರ ಹೊಡೆಯಬೇಕು ಅಂದರೆ ಒಂದು ವಾರದಲ್ಲಿ ಅದನ್ನು ಚೀಟಿಯಲ್ಲಿ ಬರೆದು ಲ್ಯಾಪ್‌ಟಾಪ್‌ಗೇ ಅಂಟಿಸುತ್ತಾರೆ. ಎಲ್ಲಿಂದ ಬೇಕಾದರೂ ನಡೆಯುವ ಕೀಲಿ ಅದು. ಅದು ಬಯಲಾಗುವುದು ಪಿನ್ ಬಯಲಾಗುವುದಕ್ಕಿಂತ ದೊಡ್ಡ ತೊಂದರೆ.

ವಿಜಯನಗರ ಎರಡನೇ ಹಂತ · ಭಾನುವಾರ ಬೆಳಿಗ್ಗೆ 10:05

ಪಾಸ್‌ವರ್ಡ್ ಎಲ್ಲೂ ಬರೆಯಲೇಬಾರದು.

ಬೋಗಾದಿ ಕಡೆಯವನು · ಭಾನುವಾರ ಬೆಳಿಗ್ಗೆ 10:12

ಬರೆಯಬೇಕು ಸಾರ್. ಬರೆಯದೆ ಆಗಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಲ್ಯಾಪ್‌ಟಾಪ್ ಚೀಲದಲ್ಲಿ ಇಡಬೇಡಿ, ಮೇಜಿನ ಮೇಲೆ ಇಡಬೇಡಿ. ಮನೆಪತ್ರ, ಆಧಾರ್, ಪಾಸ್‌ಬುಕ್ ಇರುವ ಬೀರುವಿನಲ್ಲಿ ಇಡಿ. ನಮ್ಮ ಹಳ್ಳಿ ಮನೆಗಳಲ್ಲಿ ಅದಕ್ಕಿಂತ ಭದ್ರ ಜಾಗ ಇನ್ನೊಂದಿಲ್ಲ.

ವಿಜಯನಗರ ಎರಡನೇ ಹಂತ · ಭಾನುವಾರ ಬೆಳಿಗ್ಗೆ 10:20

ಬೀರುವಿನಲ್ಲಿ ಅಂದರೆ ಒಪ್ಪುತ್ತೇನೆ. ಗೋಡೆ ಕ್ಯಾಲೆಂಡರ್‌ನಲ್ಲಿ ಬರೆಯುವವರನ್ನು ನೋಡಿ ಹಾಗೆ ಹೇಳಿದೆ.

ಡೈರಿ ಮನೆ ಮಗಳು · ಭಾನುವಾರ ರಾತ್ರಿ 9:05

ಎಲ್ಲರಿಗೂ ಮನಸ್ಸು ತುಂಬಿ ಥ್ಯಾಂಕ್ಸ್. ಇಷ್ಟು ಉತ್ತರ ಬರುತ್ತದೆ ಅಂದುಕೊಂಡಿರಲಿಲ್ಲ. ಬೋಗಾದಿಯವರದು ಓದಿ ಬೆಳಿಗ್ಗೆಯೇ ಬಸ್ಸು ಹತ್ತಿದೆ.

ಮನೆಗೆ ಹೋಗಿ ನೋಡಿದರೆ ಪಿನ್ ಆಗಲೇ ಗೋಡೆ ಕ್ಯಾಲೆಂಡರ್‌ನಲ್ಲಿದೆ. ಗ್ಯಾಸ್ ಬುಕ್ ಮಾಡಿದ ತಾರೀಖಿನ ಪಕ್ಕದಲ್ಲಿ, ಕೆಂಪು ಪೆನ್ನಿನಲ್ಲಿ, ಲ್ಯಾಪ್‌ಟಾಪು ಅಂತ ಬರೆದು ಸ್ಕೂಟರ್ ನಂಬರ್. ಅಪ್ಪನಿಗೆ ಬೈಯಲಿಲ್ಲ. ಮರೆತು ಹೋದರೆ ನಿನ್ನನ್ನು ಅಷ್ಟು ದೂರದಿಂದ ಕರೆಸಬೇಕಲ್ಲ ಅಂತ ಬರೆದೆ ಅಂದರು.

ಪಿನ್ ತೆಗೆಯಲಿಲ್ಲ. ಆರು ಅಂಕಿ ಮಾಡಿದೆವು. ಅಪ್ಪನೇ ಆರಿಸಿದರು, ಅವರಿಗೆ ಮಾತ್ರ ಗೊತ್ತಿರುವ ಒಂದು ಲೆಕ್ಕದಿಂದ. ನನಗೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಐದು ಸಲ ಹಾಕಿಸಿ ನೋಡಿದೆ, ಸರಿಯಾಗಿ ಹಾಕಿದರು. ಅಕೌಂಟ್‌ನಲ್ಲಿ ಅಪ್ಪನ ನಂಬರ್ ಜೊತೆಗೆ ನನ್ನದನ್ನೂ ಸೇರಿಸಿದೆ. ಎನ್‌ಕ್ರಿಪ್ಷನ್ ನಮ್ಮದರಲ್ಲೂ ಆನ್ ಆಗಿತ್ತು! 48 ಅಂಕಿಯ ಕೀ ಮತ್ತು ಪಾಸ್‌ವರ್ಡ್ ಒಂದು ಹಾಳೆಯಲ್ಲಿ ಬರೆದು, ಪಹಣಿ ಇಟ್ಟಿರುವ ಪ್ಲಾಸ್ಟಿಕ್ ಕವರ್‌ಗೆ ಹಾಕಿ ಬೀರುವಿನಲ್ಲಿ ಇಟ್ಟೆವು. ಕ್ಯಾಲೆಂಡರ್ ಹಾಳೆ ಹರಿದು ಒಲೆಗೆ ಹಾಕಿದೆ.

ಒಂದೇ ಒಂದು ಉಳಿಯಿತು. ಬೆರಳಚ್ಚು ಇಡಲು ನೋಡಿದೆವು. ಅಪ್ಪನ ಹೆಬ್ಬೆರಳು ಎಷ್ಟು ಸಲ ಇಟ್ಟರೂ ತೆಗೆದುಕೊಳ್ಳುತ್ತಿಲ್ಲ. ಹೊಲದ ಕೆಲಸ ಮಾಡಿ ಗೆರೆಗಳು ಸವೆದಿವೆ. ಏನಾದರೂ ದಾರಿ ಇದೆಯಾ?

@ಕಬ್ಬಿನ ಗದ್ದೆ, ಅಪ್ಪನ ಹಾಳೆ ಕೊಡುತ್ತೇನೆ. ಫ್ಯಾಟ್ ಲೆಕ್ಕ ಆಗಿದೆ, ಎಸ್‌ಎನ್‌ಎಫ್‌ನದು ಇನ್ನೂ ಮಾಡುತ್ತಿದ್ದಾರೆ.

ರಿಪೇರಿ ಅಂಗಡಿ, ಮಂಡ್ಯ · ಭಾನುವಾರ ರಾತ್ರಿ 9:22

ತುಂಬಾ ಸಂತೋಷ ಮೇಡಂ. ಹೆಬ್ಬೆರಳು ಬಿಟ್ಟು ಉಂಗುರದ ಬೆರಳು ಅಥವಾ ಎಡಗೈ ಬೆರಳು ಇಟ್ಟು ನೋಡಿ, ಅವು ಕಡಿಮೆ ಸವೆದಿರುತ್ತವೆ. ಕೈ ತೊಳೆದು ಚೆನ್ನಾಗಿ ಒರೆಸಿಕೊಂಡು ಇಡಬೇಕು. ಒಂದೇ ಬೆರಳನ್ನು ಸ್ವಲ್ಪ ಓರೆ ಮಾಡಿ ಎರಡನೇ ಸಲವೂ ಸೇರಿಸಲು ನೋಡಬಹುದು. ಬೆರಳು ಓದದ ದಿನ ಪಿನ್ ಇದ್ದೇ ಇರುತ್ತದೆ.

ಕಬ್ಬಿನ ಗದ್ದೆ · ಭಾನುವಾರ ರಾತ್ರಿ 9:30

ಎಸ್‌ಎನ್‌ಎಫ್ ನಾನೂ ಸ್ವಲ್ಪ ಮಾಡಿದ್ದೇನೆ ತಾಯಿ. ನಿಮ್ಮ ತಂದೆಗೆ ಬೇಕಿದ್ದರೆ ಕಳಿಸುತ್ತೇನೆ, ಎರಡೂ ಸೇರಿಸಿ ಒಂದು ಮಾಡೋಣ.